ಸಿರುಗುಪ್ಪದ ಒಂದು ಹೃದಯಾಘಾತ ಮತ್ತು ನ್ಯಾನೋಜೈಮ್‌ಗಳ ಪ್ರಶ್ನೆ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದಲ್ಲಿ ಅಪರೂಪದ ಕಾಯಿಲೆಯೇನೂ ಇಲ್ಲ. ಬಳ್ಳಾರಿ ಸೀಮೆಯ ವೈದ್ಯರು ಪದೇ ಪದೇ ನೋಡುವ ಹೃದಯಾಘಾತವೇ ಇದು. ಇದನ್ನು ಬರೆದಿಡಲು ಕಾರಣ, ಆರನೆಯ ವಾರದ ಎಕೋ (ಹೃದಯದ ಸ್ಕ್ಯಾನಿಂಗ್) ವರದಿ ಮತ್ತು ಆ ವರದಿಯ ಜೊತೆಗೇ ತಪಾಸಣೆಯ ಮೇಜಿನ ಮೇಲೆ ಬಂದು ಕುಳಿತ ಒಂದು ಸಣ್ಣ ಬಾಟಲಿ. ಆಸ್ಪತ್ರೆಯಿಂದ ಬಿಡುಗಡೆಯಾದಾಗ ಶೇ. 34ರಷ್ಟಿದ್ದ ಹೃದಯದ ಪಂಪಿಂಗ್ ಶಕ್ತಿ (ಪ್ರತಿ ಬಡಿತದಲ್ಲಿ ಹೃದಯ ಹೊರದಬ್ಬುವ ರಕ್ತದ ಪಾಲು) ಆರು ವಾರಗಳಲ್ಲಿ ಶೇ. 41ಕ್ಕೆ ಏರಿತ್ತು, ಮತ್ತು ಈ ಏರಿಕೆಯ ಶ್ರೇಯಸ್ಸೆಲ್ಲವೂ ‘ನ್ಯಾನೋ ಆಂಟಿಆಕ್ಸಿಡೆಂಟ್’ ಎಂಬ ಹೆಸರಿನಲ್ಲಿ ಸಂಬಂಧಿಕರೊಬ್ಬರು ತಂದುಕೊಟ್ಟ ಹನಿಗಳಿಗೆ ಸೇರಬೇಕೆಂದು ಮನೆಯವರು ನಂಬಿದ್ದರು. ಬಾಟಲಿಯನ್ನು ತಳ್ಳಿಹಾಕುವುದು ಸುಲಭವಿತ್ತು. ಆದರೆ ರೋಗಿಯ ಮಗ ಅದರ ಜೊತೆಗೆ, ಕಿಣ್ವದಂತೆ ಕೆಲಸ ಮಾಡುವ ಅತಿಸೂಕ್ಷ್ಮ ಕಣಗಳಾದ ನ್ಯಾನೋಜೈಮ್‌ಗಳ ಕುರಿತ ಲೇಖನವೊಂದರ ಪ್ರತಿಯನ್ನೂ ತಂದಿದ್ದರು, ಮತ್ತು ಆ ಲೇಖನದಲ್ಲಿದ್ದ ವಿಜ್ಞಾನ ನಿಜವಾದದ್ದಾಗಿತ್ತು. ರೋಗಿಯ ಗುರುತು ಸಿಗದಂತೆ ಇಲ್ಲಿ ಕೆಲವು ವಿವರಗಳನ್ನು ಬದಲಿಸಲಾಗಿದೆ.

ಪ್ರಕರಣದ ವಿವರ

ರೋಗಿಗೆ 54 ವರ್ಷ. ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ರೈತರು. ಏಳೆಂಟು ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದು, ಮಾತ್ರೆಗಳನ್ನು ನಡುನಡುವೆ ಬಿಡುತ್ತಿದ್ದರು. ದಿನಕ್ಕೊಂದು ಕಟ್ಟು ಬೀಡಿಯ ಅಭ್ಯಾಸವಿತ್ತು. ಭತ್ತದ ಕೊಯ್ಲು ನಡೆಯುತ್ತಿದ್ದ ದಿನಗಳಲ್ಲಿ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಎದೆಯ ನಡುಭಾಗದಲ್ಲಿ ಒತ್ತಿದಂತಹ ನೋವು ಶುರುವಾಯಿತು. ಅದನ್ನು ಗ್ಯಾಸ್ ಎಂದು ತಿಳಿದು ಮೊದಲು ಸೋಡಾ ಕುಡಿದರು, ಆಮೇಲೆ ಊರಿನಲ್ಲಿಯೇ ಸೂಜಿ ಹಾಕುವವರನ್ನು ಕರೆಸಿ ಒಂದು ಇಂಜೆಕ್ಷನ್ ಹಾಕಿಸಿಕೊಂಡರು. ಬೆವರು ನಿಲ್ಲದೆ, ಎಡಗೈ ಜೋಮು ಹಿಡಿಯತೊಡಗಿದ ಮೇಲೆ ಮನೆಯವರು ವಾಹನ ಹೊಂದಿಸಿಕೊಂಡು ತಾಲ್ಲೂಕು ಆಸ್ಪತ್ರೆ ತಲುಪಿದಾಗ ಬೆಳಗಿನ ಜಾವ ಮೂರು ಗಂಟೆ.

ಇಸಿಜಿಯಲ್ಲಿ ವಿ1ರಿಂದ ವಿ4ರವರೆಗೆ ಎಸ್‌ಟಿ ಭಾಗ ಎದ್ದು ನಿಂತಿತ್ತು, ಅಂದರೆ ಹೃದಯದ ಮುಂಗೋಡೆಗೆ ರಕ್ತ ಒದಗಿಸುವ ಎಡ ಮುಂಭಾಗದ ಧಮನಿ ಮುಚ್ಚಿಕೊಂಡಿತ್ತು. ಕರ್ತವ್ಯದಲ್ಲಿದ್ದ ವೈದ್ಯರು ತಡಮಾಡದೆ ಆಸ್ಪಿರಿನ್, ಕ್ಲೊಪಿಡೋಗ್ರೆಲ್, ಅಟೋರ್ವಾಸ್ಟಾಟಿನ್ ಮಾತ್ರೆಗಳನ್ನು ಕೊಟ್ಟು, ಹೆಪಾರಿನ್ ವರ್ಗದ ಚುಚ್ಚುಮದ್ದಿನೊಂದಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸನ್ನು 62 ಕಿಲೋ ತೂಕಕ್ಕೆ ಹೊಂದುವಂತೆ 35 ಮಿಲಿಗ್ರಾಂ ಪ್ರಮಾಣದಲ್ಲಿ ಒಂದೇ ಬಾರಿಗೆ ರಕ್ತನಾಳಕ್ಕೆ ಹಾಕಿದರು. ನೋವು ಶುರುವಾದ ಕ್ಷಣದಿಂದ ಸೂಜಿ ಬೀಳುವವರೆಗೆ ನಾಲ್ಕೂವರೆ ಗಂಟೆ ಕಳೆದಿತ್ತು, ಅದರಲ್ಲಿ ನಾಲ್ಕು ಗಂಟೆ ಮನೆಯಲ್ಲಿ ಮತ್ತು ದಾರಿಯಲ್ಲಿ ಕಳೆದದ್ದು. ತಾಲ್ಲೂಕು ಮಟ್ಟದಲ್ಲಿ ಈ ದುಬಾರಿ ಔಷಧ ಉಚಿತವಾಗಿ ಸಿಗುವಂತಾದದ್ದು ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ; ಅದಕ್ಕೂ ಹಿಂದೆ ಇಂಥ ರೋಗಿಗಳಲ್ಲಿ ಬಹಳಷ್ಟು ಜನ ಆ ಸೂಜಿಗಾಗಿಯೇ ಬಳ್ಳಾರಿಯವರೆಗೆ ಬರಬೇಕಾಗುತ್ತಿತ್ತು ಎಂಬುದನ್ನು ಇಲ್ಲಿ ಹೇಳದೆ ಇರಲಾಗದು.

ಸೂಜಿ ಬಿದ್ದು ಮುಕ್ಕಾಲು ಗಂಟೆಯಾಗುತ್ತಿದ್ದಂತೆ ಮಾನಿಟರಿನಲ್ಲಿ ನಿಮಿಷಕ್ಕೆ 80ರ ಆಸುಪಾಸಿನ ಅಗಲವಾದ ಬಡಿತಗಳ ಸಾಲು ಕಾಣಿಸಿಕೊಂಡು, ಕೆಲವು ನಿಮಿಷ ಇದ್ದು, ತಾನಾಗಿಯೇ ನಿಂತುಹೋಯಿತು. ಮುಚ್ಚಿದ್ದ ನಾಳ ತೆರೆದುಕೊಂಡು ರಕ್ತ ಮತ್ತೆ ಹರಿಯತೊಡಗಿದಾಗ ಕಾಣುವ ಲಯದ ಏರುಪೇರು ಇದು. ಜೊತೆಗಿದ್ದವರು ಗಾಬರಿಯಾದರೂ ವೈದ್ಯರ ಪಾಲಿಗೆ ಇದು ಒಳ್ಳೆಯ ಸೂಚನೆ. ತೊಂಬತ್ತನೆಯ ನಿಮಿಷದ ಇಸಿಜಿಯಲ್ಲಿ ಎಸ್‌ಟಿ ಭಾಗ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಬೆಳಿಗ್ಗೆ ಆಂಬುಲೆನ್ಸಿನಲ್ಲಿ ಬಳ್ಳಾರಿಗೆ ಕರೆತಂದು, ಅದೇ ದಿನ ಆಂಜಿಯೋಗ್ರಾಮ್ ಮಾಡಿ, ಧಮನಿಯಲ್ಲಿ ಉಳಿದಿದ್ದ ಕಿರಿದಾದ ಭಾಗಕ್ಕೆ ಸ್ಟೆಂಟ್ ಹಾಕಲಾಯಿತು. ಸ್ಟೆಂಟ್ ಸರಿಯಾಗಿಯೇ ಕುಳಿತರೂ ಅದರ ಮುಂದಿನ ಸಣ್ಣ ಕವಲುಗಳಲ್ಲಿ ಬಣ್ಣದ ದ್ರಾವಣ ನಿಧಾನವಾಗಿ ಸಾಗುತ್ತಿದ್ದುದು ಪರದೆಯ ಮೇಲೆ ಕಾಣುತ್ತಿತ್ತು. ದೊಡ್ಡ ನಾಳ ತೆರೆದಿದೆ, ಸ್ನಾಯುವಿನೊಳಗಿನ ಸೂಕ್ಷ್ಮ ನಾಳಗಳು ಪೂರ್ತಿ ತೆರೆದಿಲ್ಲ ಎಂದು ಇದರ ಅರ್ಥ. ನಾಲ್ಕನೆಯ ದಿನದ ಎಕೋದಲ್ಲಿ ಮುಂಗೋಡೆ ಚಲಿಸುತ್ತಿರಲಿಲ್ಲ, ಪಂಪಿಂಗ್ ಶೇ. 34.

ರಕ್ತ ಮರಳಿದ ಮೇಲೆ ಆಗುವ ಹಾನಿ

ನಾಳ ತೆರೆದ ಮೇಲೂ ಸ್ನಾಯು ಏಕೆ ಕೆಟ್ಟಿತು ಎಂಬುದು ಮನೆಯವರ ಮೊದಲ ಪ್ರಶ್ನೆಯಾಗಿತ್ತು. ಇದಕ್ಕೆ ಉತ್ತರದ ಒಂದು ಭಾಗ ಸರಳವಾದದ್ದು. ರೈಮರ್ ಮತ್ತು ಜೆನ್ನಿಂಗ್ಸ್ ಎಂಬ ಸಂಶೋಧಕರು 1977ರಲ್ಲಿ ನಾಯಿಗಳ ಹೃದಯದಲ್ಲಿ ತೋರಿಸಿದಂತೆ, ಧಮನಿ ಮುಚ್ಚಿದಾಗ ಸ್ನಾಯುವಿನ ಸಾವು ಒಳಪದರದಲ್ಲಿ ಆರಂಭವಾಗಿ ಹೊರಪದರದ ಕಡೆಗೆ ಅಲೆಯಂತೆ ಹಬ್ಬುತ್ತದೆ. ಅಪಾಯಕ್ಕೊಳಗಾದ ಸ್ನಾಯುವಿನಲ್ಲಿ 40 ನಿಮಿಷಗಳಿಗೆ ಸುಮಾರು ಶೇ. 38, ಮೂರು ಗಂಟೆಗೆ ಸುಮಾರು ಶೇ. 57, ಆರು ಗಂಟೆಗೆ ಸುಮಾರು ಶೇ. 71 ಭಾಗ ಸತ್ತಿರುತ್ತದೆ. ಮನುಷ್ಯರ ಲೆಕ್ಕ ಇದಕ್ಕೆ ಕರಾರುವಾಕ್ಕಾಗಿ ಹೊಂದುವುದಿಲ್ಲ, ಏಕೆಂದರೆ ಪಕ್ಕದ ನಾಳಗಳಿಂದ ಎಷ್ಟು ರಕ್ತ ಸಿಗುತ್ತದೆ ಎಂಬುದು ಒಬ್ಬರಿಂದ ಒಬ್ಬರಿಗೆ ಬೇರೆ. ಆದರೂ ನಮ್ಮ ರೋಗಿಯ ನಾಲ್ಕೂವರೆ ಗಂಟೆ ಈ ಅಲೆ ಬಹುದೂರ ಸಾಗಲು ಸಾಕಾದ ಸಮಯ.

ಉತ್ತರದ ಎರಡನೆಯ ಭಾಗ ಅಷ್ಟು ಸರಳವಲ್ಲ. ರಕ್ತ ಮರಳಿ ಬರುವುದು ಸ್ನಾಯುವನ್ನು ಉಳಿಸುವ ಏಕೈಕ ದಾರಿಯಾದರೂ ಆ ಮರಳುವಿಕೆಯೇ ಬೇರೊಂದು ಬಗೆಯ ಹಾನಿಯನ್ನು ಮಾಡುತ್ತದೆ. ಬಹುದಿನ ಒಣಗಿ ಬಿರುಕು ಬಿಟ್ಟ ಉಪಕಾಲುವೆಗೆ ಒಮ್ಮೆಲೇ ತೂಬು ಎತ್ತಿದಾಗ ಮೊದಲ ನೀರು ಹೂಳನ್ನೂ ಕಸವನ್ನೂ ಹೊತ್ತು ತಂದು ಸಡಿಲವಾದ ಬದುಗಳನ್ನು ಕೊಚ್ಚಿಕೊಂಡು ಹೋಗುತ್ತದೆ ಎಂದು ಹೇಳಿದಾಗ ರೋಗಿಗೆ ವಿಷಯ ಕೂಡಲೇ ಅರ್ಥವಾಯಿತು. ಜೀವಕೋಶದೊಳಗೆ ನಡೆಯುವುದನ್ನು ಮಗನಿಗೆ ಇನ್ನಷ್ಟು ವಿವರವಾಗಿ ಹೇಳಬೇಕಾಯಿತು. ಆಮ್ಲಜನಕವಿಲ್ಲದ ಅವಧಿಯಲ್ಲಿ, ಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಮೈಟೊಕಾಂಡ್ರಿಯಾಗಳಲ್ಲಿ ಸಕ್ಸಿನೇಟ್ ಎಂಬ ಪದಾರ್ಥ ಶೇಖರವಾಗುತ್ತದೆ. ಆಮ್ಲಜನಕ ಬಂದ ಕೂಡಲೇ ಅದು ಅತಿ ವೇಗವಾಗಿ ಉರಿದು, ಎಲೆಕ್ಟ್ರಾನ್‌ಗಳು ತಮ್ಮ ಮಾಮೂಲಿ ದಾರಿಗೆ ವಿರುದ್ಧವಾಗಿ ಹಿಮ್ಮುಖವಾಗಿ ಹರಿದು, ಅವುಗಳನ್ನು ಸಾಗಿಸುವ ಸರಪಳಿಯ ಮೊದಲ ಕೊಂಡಿಯಾದ ಒಂದನೆಯ ಕಾಂಪ್ಲೆಕ್ಸಿನ ಬಳಿ ಆಮ್ಲಜನಕದ ಮೇಲೆ ಬಿದ್ದು ಸೂಪರಾಕ್ಸೈಡ್ ಎಂಬ ರಾಡಿಕಲ್ಲನ್ನು, ಅಂದರೆ ಸಿಕ್ಕಿದ್ದರ ಜೊತೆ ಥಟ್ಟನೆ ವರ್ತಿಸಿ ಅದನ್ನು ಕೆಡಿಸುವ ಕಣವನ್ನು, ಉಂಟುಮಾಡುತ್ತವೆ ಎಂಬುದನ್ನು 2014ರಲ್ಲಿ ಚೌಚಾನಿ ಮತ್ತು ಸಂಗಡಿಗರು ತೋರಿಸಿದರು. ಸೂಪರಾಕ್ಸೈಡ್‌ನಿಂದ ಹೈಡ್ರೋಜನ್ ಪೆರಾಕ್ಸೈಡ್, ಅದಕ್ಕೆ ಬಿಡಿ ಕಬ್ಬಿಣದ ಅಯಾನು ಸಿಕ್ಕರೆ ಹೈಡ್ರಾಕ್ಸಿಲ್ ರಾಡಿಕಲ್. ಈ ಕೊನೆಯದು ಕೊಬ್ಬಿನ ಪೊರೆ, ಪ್ರೋಟೀನ್, ಡಿಎನ್‌ಎ ಯಾವುದನ್ನೂ ಬಿಡುವುದಿಲ್ಲ. ಜೊತೆಯಲ್ಲಿಯೇ ಕ್ಯಾಲ್ಸಿಯಂ ಕೋಶದೊಳಗೆ ನುಗ್ಗಿ, ಮೈಟೊಕಾಂಡ್ರಿಯಾದ ಪೊರೆಯಲ್ಲಿ ರಂಧ್ರಗಳು ತೆರೆದು, ಬದುಕಬಹುದಾಗಿದ್ದ ಕೋಶವೂ ಸಾಯುತ್ತದೆ. ಪ್ರಾಣಿಗಳ ಅಧ್ಯಯನಗಳ ಅಂದಾಜಿನಂತೆ, ಅಂತಿಮವಾಗಿ ಸಾಯುವ ಸ್ನಾಯುವಿನಲ್ಲಿ ಅರ್ಧದವರೆಗೂ ಈ ಎರಡನೆಯ ಹಾನಿಯ ಪಾಲಿರಬಹುದು.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಸಮಯ. ರಾಬರ್ಟೊ ಬೊಲ್ಲಿಯವರ ತಂಡ 1980ರ ದಶಕದ ಕೊನೆಯಲ್ಲಿ ನಾಯಿಗಳ ಹೃದಯದಲ್ಲಿ ಈ ರಾಡಿಕಲ್‌ಗಳನ್ನು ನೇರವಾಗಿ ಅಳೆದಾಗ, ರಕ್ತ ಮರಳಿದ ಮೊದಲ ಕೆಲವು ನಿಮಿಷಗಳಲ್ಲಿ ಅವುಗಳ ಪ್ರಮಾಣ ತುತ್ತತುದಿಗೆ ಏರಿ, ಆಮೇಲೆ ಇಳಿದು, ಕಡಿಮೆ ಮಟ್ಟದಲ್ಲಿ ಕೆಲವು ಗಂಟೆಗಳ ಕಾಲ ಮುಂದುವರಿಯುವುದು ಕಂಡುಬಂತು. ಅದೇ ತಂಡ ಉತ್ಕರ್ಷಣ ನಿರೋಧಕ (ಆಂಟಿಆಕ್ಸಿಡೆಂಟ್) ಔಷಧವೊಂದನ್ನು ರಕ್ತ ಮರಳುವ ಒಂದು ನಿಮಿಷ ಮೊದಲು ಕೊಟ್ಟಾಗ ಸ್ನಾಯುವಿನ ದೌರ್ಬಲ್ಯ ಗಮನಾರ್ಹವಾಗಿ ಕಡಿಮೆಯಾಯಿತು. ರಕ್ತ ಮರಳಿದ ಒಂದು ನಿಮಿಷದ ನಂತರ ಕೊಟ್ಟಾಗ ಆ ಪ್ರಯೋಜನ ಕಾಣಲಿಲ್ಲ. ಈ ಎರಡು ನಿಮಿಷಗಳ ಅಂತರವನ್ನು ಮುಂದಿನ ಚರ್ಚೆಯುದ್ದಕ್ಕೂ ನೆನಪಿನಲ್ಲಿಟ್ಟುಕೊಳ್ಳಬೇಕು.

ಹಳೆಯ ಪ್ರಯತ್ನಗಳು ಸೋತ ಬಗೆ

ಸೂಪರಾಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಪರಿವರ್ತಿಸುವ ಎಸ್‌ಒಡಿ ಎಂಬ ಕಿಣ್ವದ ಕೆಲಸವನ್ನು ಮೆಕಾರ್ಡ್ ಮತ್ತು ಫ್ರಿಡೊವಿಚ್ 1969ರಲ್ಲಿ ಕಂಡುಹಿಡಿದರು. ಆ ಕಿಣ್ವವನ್ನೇ ಔಷಧವಾಗಿ ಕೊಡಬಹುದಲ್ಲ ಎಂಬ ಆಲೋಚನೆ ಸಹಜವಾಗಿಯೇ ಬಂತು. ಹೃದಯಾಘಾತದ ರೋಗಿಗಳಿಗೆ ಬಲೂನ್ ಚಿಕಿತ್ಸೆಯ ಹೊತ್ತಿನಲ್ಲಿ ಮಾನವ ಎಸ್‌ಒಡಿ ಕೊಟ್ಟು ನೋಡಿದ ಅಧ್ಯಯನದ ಫಲಿತಾಂಶ 1994ರಲ್ಲಿ ಪ್ರಕಟವಾಯಿತು: ಹೃದಯದ ಕೆಲಸದಲ್ಲಿ ಸುಧಾರಣೆಯೇನೂ ಕಾಣಲಿಲ್ಲ. ಕಾರಣಗಳು ಊಹಿಸಲಾಗದಂಥವಲ್ಲ. ಈ ಕಿಣ್ವ ರಕ್ತದಲ್ಲಿ ಕೆಲವೇ ನಿಮಿಷ ಉಳಿದು ಮೂತ್ರಪಿಂಡದ ಮೂಲಕ ಹೊರಬೀಳುತ್ತದೆ, ದೊಡ್ಡ ಪ್ರೋಟೀನಾದ್ದರಿಂದ ಕೋಶದೊಳಗೆ ಹೋಗುವುದಿಲ್ಲ, ಹೋದರೂ ಅದು ಉತ್ಪಾದಿಸುವ ಪೆರಾಕ್ಸೈಡನ್ನು ಒಡೆಯಲು ಪಕ್ಕದಲ್ಲಿ ಕೆಟಲೇಸ್ ಎಂಬ ಇನ್ನೊಂದು ಕಿಣ್ವ ಇರಬೇಕು.

ವಿಟಮಿನ್‌ಗಳ ಕಥೆ ಇದಕ್ಕಿಂತ ಕೆಟ್ಟದು. ಒಂಬತ್ತೂವರೆ ಸಾವಿರ ಜನರನ್ನು ಒಳಗೊಂಡು 2000ದಲ್ಲಿ ಪ್ರಕಟವಾದ ಹೋಪ್ ಅಧ್ಯಯನದಲ್ಲಿ ನಿತ್ಯ 400 ಯೂನಿಟ್ ವಿಟಮಿನ್ ಇ ಹೃದಯಕ್ಕೆ ಯಾವ ಲಾಭವನ್ನೂ ಮಾಡಲಿಲ್ಲ. ಅದೇ ಅಧ್ಯಯನವನ್ನು ಮುಂದುವರಿಸಿ 2005ರಲ್ಲಿ ಪ್ರಕಟಿಸಿದಾಗ ಹೃದಯ ವೈಫಲ್ಯದ ಪ್ರಮಾಣ ವಿಟಮಿನ್ ತೆಗೆದುಕೊಂಡವರಲ್ಲಿಯೇ ಹೆಚ್ಚಾಗಿತ್ತು. ಮೈಟೊಕಾಂಡ್ರಿಯಾಕ್ಕೇ ಗುರಿಯಿಟ್ಟ ಔಷಧಗಳೂ ಯಶಸ್ಸು ಕಾಣಲಿಲ್ಲ. ಪೊರೆಯ ರಂಧ್ರವನ್ನು ಮುಚ್ಚಬೇಕಿದ್ದ ಸೈಕ್ಲೊಸ್ಪೊರಿನ್ 2015ರಲ್ಲಿ, ಎಲಾಮಿಪ್ರೆಟೈಡ್ 2016ರಲ್ಲಿ, ಎರಡೂ ಮುಂಗೋಡೆಯ ಹೃದಯಾಘಾತದ ರೋಗಿಗಳಲ್ಲಿಯೇ ವಿಫಲವಾದವು. ಪ್ರಾಣಿಗಳಲ್ಲಿ ಅದ್ಭುತವಾಗಿ ಕೆಲಸ ಮಾಡಿ ಮನುಷ್ಯರಲ್ಲಿ ಕೈಕೊಟ್ಟ ಔಷಧಗಳ ವಿಷಯದಲ್ಲಿ ಹೃದ್ರೋಗ ವಿಜ್ಞಾನದಷ್ಟು ಅನುಭವ ಬೇರೆ ಶಾಖೆಗಳಿಗೆ ಇದ್ದೀತೆ ಎಂಬುದು ನನಗೆ ಅನುಮಾನ. ನ್ಯಾನೋಜೈಮ್‌ಗಳ ಬಗ್ಗೆ ಬರುವ ಉತ್ಸಾಹದ ಬರಹಗಳನ್ನು ಈ ಹಿನ್ನೆಲೆಯಲ್ಲಿಟ್ಟು ಓದಬೇಕು.

ನ್ಯಾನೋಜೈಮ್ ಏನು ಮಾಡಬಲ್ಲದು

ನ್ಯಾನೋಜೈಮ್ ಎಂದರೆ ಕಿಣ್ವದಂತೆ ವರ್ತಿಸುವ ನ್ಯಾನೋಕಣ. ಈ ಹೆಸರು 2004ರಲ್ಲಿಯೇ ಬಳಕೆಗೆ ಬಂದಿದ್ದರೂ, ಯಾವ ಕಿಣ್ವವನ್ನೂ ಅಂಟಿಸದೆ ಬರೀ ಕಬ್ಬಿಣದ ಆಕ್ಸೈಡಿನ ಕಣಗಳೇ ಪೆರಾಕ್ಸಿಡೇಸ್ ಕಿಣ್ವದ ಕೆಲಸ ಮಾಡುತ್ತವೆ ಎಂದು ಚೀನಾದ ಯಾನ್ ಶಿಯುನ್ ಅವರ ತಂಡ 2007ರಲ್ಲಿ ತೋರಿಸಿದ ಮೇಲೆ ಈ ಕ್ಷೇತ್ರ ದೊಡ್ಡದಾಯಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಮುಗೇಶ್ ಅವರ ತಂಡ ಇದರಲ್ಲಿ ಆರಂಭದಿಂದಲೂ ಮುಂಚೂಣಿಯಲ್ಲಿದೆ. ವೆನೇಡಿಯಂ ಪೆಂಟಾಕ್ಸೈಡಿನ ನ್ಯಾನೋತಂತಿಗಳು ಪೆರಾಕ್ಸೈಡನ್ನು ಒಡೆಯುವ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಕಿಣ್ವದಂತೆ ವರ್ತಿಸಿ ಕೋಶಗಳನ್ನು ಕಾಪಾಡುತ್ತವೆ ಎಂದು ಅವರು 2014ರಲ್ಲಿ ತೋರಿಸಿದರು. ಆಮೇಲೆ ಮ್ಯಾಂಗನೀಸ್ ಆಕ್ಸೈಡಿನ ಹೂವಿನಾಕಾರದ ಕಣಗಳು ಮೂರು ಕಿಣ್ವಗಳ ಕೆಲಸವನ್ನು ಒಟ್ಟಿಗೇ ಮಾಡುವುದನ್ನೂ ತೋರಿಸಿದರು.

ವಿಟಮಿನ್‌ಗೂ ಇದಕ್ಕೂ ಇರುವ ಮೂಲಭೂತ ವ್ಯತ್ಯಾಸ ಇದು. ವಿಟಮಿನ್ನಿನ ಒಂದು ಅಣು ಒಂದೆರಡು ರಾಡಿಕಲ್‌ಗಳನ್ನು ತಣಿಸಿ ತಾನೂ ಖರ್ಚಾಗಿಬಿಡುತ್ತದೆ. ನ್ಯಾನೋಜೈಮ್ ಖರ್ಚಾಗುವುದಿಲ್ಲ, ಮತ್ತೆ ಮತ್ತೆ ಅದೇ ಕೆಲಸ ಮಾಡುತ್ತದೆ. ಸೀರಿಯಂ ಆಕ್ಸೈಡನ್ನು ತೆಗೆದುಕೊಂಡರೆ, ಅದರ ಮೇಲ್ಮೈಯಲ್ಲಿರುವ ಸೀರಿಯಂ ಪರಮಾಣುಗಳು ಮೂರು ಮತ್ತು ನಾಲ್ಕು ಧನ ವಿದ್ಯುದಂಶಗಳ ನಡುವೆ ಹಿಂದೆ ಮುಂದೆ ಬದಲಾಗಬಲ್ಲವು. ಮೂರರ ಪಾಲು ಹೆಚ್ಚಿರುವ ಕಣ ಎಸ್‌ಒಡಿಯಂತೆಯೂ ನಾಲ್ಕರ ಪಾಲು ಹೆಚ್ಚಿರುವ ಕಣ ಕೆಟಲೇಸಿನಂತೆಯೂ ವರ್ತಿಸುತ್ತದೆ. 1994ರಲ್ಲಿ ಎಸ್‌ಒಡಿಗೆ ಇಲ್ಲದಿದ್ದ ಜೊತೆಗಾರ ಇಲ್ಲಿ ಅದೇ ಕಣದಲ್ಲಿ ಸಿಕ್ಕಂತಾಯಿತು. ಇಲಿಗಳ ಹೃದಯ ಸ್ನಾಯುವಿನ ಕಾಯಿಲೆಯಲ್ಲಿ ಸೀರಿಯಂ ಆಕ್ಸೈಡ್ ಕಣಗಳು ಉರಿಯೂತವನ್ನು ತಗ್ಗಿಸಿ ಹೃದಯದ ಕೆಲಸವನ್ನು ಕಾಪಾಡಿದ ವರದಿ 2007ರಷ್ಟು ಹಿಂದೆಯೇ ಬಂದಿತ್ತು. ಮಗ ತಂದಿದ್ದ ಲೇಖನದಲ್ಲಿ ವಿವರಿಸಿದ್ದು ಇನ್ನೂ ನಾಜೂಕಾದ ರಚನೆಯನ್ನು: ಫೆರಿಟಿನ್ ಪ್ರೋಟೀನಿನ ಟೊಳ್ಳಾದ ಗೋಳದೊಳಗೆ ಮ್ಯಾಂಗನೀಸ್ ಆಕ್ಸೈಡನ್ನು ಬೆಳೆಸಿ, ಗೋಳದ ಹೊರಮೈಗೆ ಟ್ರೈಫಿನೈಲ್‌ಫಾಸ್ಫೋನಿಯಂ ಎಂಬ ಧನ ಆವೇಶದ ಗುಂಪನ್ನು ಅಂಟಿಸಿದ್ದರು. ಮೈಟೊಕಾಂಡ್ರಿಯಾದ ಒಳಭಾಗ ಋಣ ವಿದ್ಯುತ್ತಿನದಾದ್ದರಿಂದ ಧನ ಆವೇಶದ ಪದಾರ್ಥ ಅತ್ತ ಸೆಳೆಯಲ್ಪಡುತ್ತದೆ. ಇಲಿಗಳಲ್ಲಿ ರಕ್ತ ಮರಳಿದಾಗ ಆಗುವ ಹಾನಿಯನ್ನು ಅದು ಕಡಿಮೆ ಮಾಡಿತು.

ಈ ಹಂತದಲ್ಲಿ ಮಗ ಕೇಳಿದ ಪ್ರಶ್ನೆ ನೇರವಾಗಿತ್ತು: “ಅಪ್ಪಂಗೆ ಅವತ್ತೇ ಇದನ್ನ ಕೊಟ್ಟಿದ್ರೆ ಹಾರ್ಟು ಉಳೀತಿತ್ತಾ ಸರ್?”

ಅವರು ತೋರಣಗಲ್ಲಿನ ಕಡೆ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಅದಿರು ಪರೀಕ್ಷಿಸುವ ಕೆಲಸದಲ್ಲಿರುವವರು. ಆದ್ದರಿಂದ ಉತ್ತರವನ್ನು ಕಬ್ಬಿಣದಿಂದಲೇ ಆರಂಭಿಸಿದೆ. ಸಂಡೂರಿನ ಅದಿರು ಬಹುಪಾಲು ಹೆಮಟೈಟ್. 2007ರ ಪ್ರಯೋಗದಲ್ಲಿದ್ದದ್ದು ಮ್ಯಾಗ್ನೆಟೈಟ್. ಈ ಮ್ಯಾಗ್ನೆಟೈಟ್ ಕಣ ಆಮ್ಲೀಯ ಪರಿಸರದಲ್ಲಿ ಪೆರಾಕ್ಸೈಡಿನಿಂದ ಹೈಡ್ರಾಕ್ಸಿಲ್ ರಾಡಿಕಲ್ಲನ್ನು ಹುಟ್ಟಿಸುತ್ತದೆ, ಅಂದರೆ ನಾವು ತಡೆಯಬೇಕೆಂದಿರುವುದನ್ನೇ ತಯಾರಿಸುತ್ತದೆ. ಕ್ಯಾನ್ಸರ್ ಕೋಶಗಳನ್ನು ಕೊಲ್ಲಲು ಅದನ್ನು ಬಳಸಬೇಕೆಂಬ ಸಂಶೋಧನೆ ನಡೆಯುತ್ತಿರುವುದು ಇದೇ ಗುಣದಿಂದ. ಆಮ್ಲೀಯತೆ ಹೋಗಿ ಪರಿಸರ ತಟಸ್ಥವಾದರೆ ಅದೇ ಕಣ ಕೆಟಲೇಸಿನಂತೆ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ರಕ್ತವಿಲ್ಲದ ಹೃದಯ ಸ್ನಾಯುವಾದರೋ ಆಮ್ಲೀಯವಾಗಿರುತ್ತದೆ, ಕೋಶ ನುಂಗಿದ ಕಣಗಳು ಹೋಗಿ ಸೇರುವ ಲೈಸೊಸೋಮ್ ಎಂಬ ಚೀಲ ಇನ್ನೂ ಹೆಚ್ಚು ಆಮ್ಲೀಯವಾಗಿರುತ್ತದೆ. ಆದ್ದರಿಂದ ‘ನ್ಯಾನೋಜೈಮ್ ಉತ್ಕರ್ಷಣ ನಿರೋಧಕ’ ಎಂಬ ಸಾಮಾನ್ಯ ಹೇಳಿಕೆಗೆ ಅರ್ಥವಿಲ್ಲ. ಯಾವ ಪದಾರ್ಥ, ಎಷ್ಟು ಗಾತ್ರ, ಯಾವ ಹೊದಿಕೆ, ಯಾವ ಪರಿಸರ ಎಂದು ಕೇಳಿದ ಮೇಲಷ್ಟೇ ಮಾತು ಮುಂದುವರಿಯಬೇಕು. ಅದಿರಿನ ಲ್ಯಾಬಿನಲ್ಲಿರುವವರಿಗೆ ಇದನ್ನು ಎರಡು ಸಲ ಹೇಳಬೇಕಾಗಲಿಲ್ಲ.

ಇನ್ನು ಅವರ ತಂದೆಯ ವಿಷಯ. ಯೋಗ್ಯವಾದ ಕಣವೊಂದು ಲಭ್ಯವಿತ್ತು ಎಂದೇ ಇಟ್ಟುಕೊಂಡರೂ, ಅದನ್ನು ಕೊಡಬೇಕಾಗಿದ್ದದ್ದು ಬೆಳಗಿನ ಮೂರೂವರೆಗೆ, ಟೆನೆಕ್ಟೆಪ್ಲೇಸಿಗಿಂತ ಸ್ವಲ್ಪ ಮೊದಲು ಅಥವಾ ಅದರ ಜೊತೆಗೇ, ತಾಲ್ಲೂಕು ಆಸ್ಪತ್ರೆಯಲ್ಲಿ. ಬಳ್ಳಾರಿಗೆ ಬಂದ ಮೇಲೆ ಕೊಟ್ಟಿದ್ದರೆ ಮಾನಿಟರಿನಲ್ಲಿ ಆ ಅಗಲವಾದ ಬಡಿತಗಳು ಕಂಡ ಕ್ಷಣ ಆಗಲೇ ಗಂಟೆಗಳಷ್ಟು ಹಿಂದಾಗಿರುತ್ತಿತ್ತು. ಅಲ್ಲದೆ ಮುಚ್ಚಿದ ನಾಳದ ಆಚೆಗಿರುವ ಸ್ನಾಯುವಿಗೆ ರಕ್ತವೇ ಹೋಗದಿರುವಾಗ ಕಣಗಳೂ ಹೋಗುವುದಿಲ್ಲ. ಅವು ಮೊದಲ ರಕ್ತದೊಂದಿಗೇ ಅಲ್ಲಿಗೆ ತಲುಪಿ, ಸೂಕ್ಷ್ಮನಾಳಗಳನ್ನು ದಾಟಿ, ಕೋಶದೊಳಗೆ ನುಗ್ಗಿ, ಮೈಟೊಕಾಂಡ್ರಿಯಾ ಸೇರಬೇಕು, ಮತ್ತು ಇದೆಲ್ಲವೂ ಕೆಲವೇ ನಿಮಿಷಗಳಲ್ಲಿ ಆಗಬೇಕು. ಈ ರೋಗಿಯಲ್ಲಾದರೋ ಸೂಕ್ಷ್ಮನಾಳಗಳೇ ಭಾಗಶಃ ಮುಚ್ಚಿಕೊಂಡಿದ್ದವು. ರಕ್ತಕ್ಕೆ ಸೇರಿದ ನ್ಯಾನೋಕಣಗಳಲ್ಲಿ ಬಹುಪಾಲನ್ನು ಯಕೃತ್ತು ಮತ್ತು ಗುಲ್ಮದಲ್ಲಿರುವ ಭಕ್ಷಕ ಕೋಶಗಳು ಹಿಡಿದಿಟ್ಟುಕೊಳ್ಳುತ್ತವೆ ಎಂಬುದೂ ಗೊತ್ತಿರುವ ಸಂಗತಿ. ಸುಮಾರು ಆರು ನ್ಯಾನೋಮೀಟರಿಗಿಂತ ಸಣ್ಣ ಕಣಗಳು ಮೂತ್ರಪಿಂಡದ ಮೂಲಕ ಹೊರಹೋಗಬಲ್ಲವು. ದೊಡ್ಡವು ಉಳಿದುಬಿಡುತ್ತವೆ, ಮತ್ತು ಸೀರಿಯಂ ಆಕ್ಸೈಡ್ ಇಲಿಗಳ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಉಳಿದದ್ದು ದಾಖಲಾಗಿದೆ. ಒಂದು ಗಂಟೆಯ ಕೆಲಸಕ್ಕಾಗಿ ಕೊಟ್ಟ ವಸ್ತು ವರ್ಷಗಟ್ಟಲೆ ದೇಹದಲ್ಲಿ ಏನು ಮಾಡುತ್ತದೆ ಎಂಬುದಕ್ಕೆ ಇಲಿಯ ಅಧ್ಯಯನ ಉತ್ತರ ಕೊಡಲಾರದು.

ಇಲಿಯ ಹೃದಯಾಘಾತಕ್ಕೂ ಈ ರೈತರ ಹೃದಯಾಘಾತಕ್ಕೂ ಇರುವ ಅಂತರವನ್ನೂ ಹೇಳಬೇಕು. ಪ್ರಯೋಗಾಲಯದ ಇಲಿ ಸಾಮಾನ್ಯವಾಗಿ ಎಳೆಯ ವಯಸ್ಸಿನದು, ಆರೋಗ್ಯವಂತ, ಅದರ ಧಮನಿ ಕೊಬ್ಬುಗಟ್ಟಿರುವುದಿಲ್ಲ. ದಾರದಿಂದ ಅದನ್ನು ಅರ್ಧ ಮುಕ್ಕಾಲು ಗಂಟೆ ಕಟ್ಟಿ ಬಿಚ್ಚಲಾಗುತ್ತದೆ, ಮತ್ತು ಬಿಚ್ಚುವ ಕ್ಷಣ ಸಂಶೋಧಕರಿಗೆ ಮೊದಲೇ ಗೊತ್ತಿರುತ್ತದೆ. ಸಕ್ಕರೆ ಕಾಯಿಲೆ, ಬೀಡಿ, ನಾಲ್ಕೂವರೆ ಗಂಟೆಯ ವಿಳಂಬ ಇವು ಯಾವುವೂ ಅಲ್ಲಿಲ್ಲ. ಆದ್ದರಿಂದ ಮಗನಿಗೆ ನಾನು ಕೊಟ್ಟ ಉತ್ತರ: ಸ್ವಲ್ಪ ಉಳಿಯಬಹುದಿತ್ತೇನೋ, ಆದರೆ ಅದೇ ರಾತ್ರಿ ಎರಡು ಗಂಟೆ ಮೊದಲು ಆಸ್ಪತ್ರೆಗೆ ಬಂದಿದ್ದರೆ ಅದಕ್ಕಿಂತ ಬಹಳ ಹೆಚ್ಚು ಉಳಿಯುತ್ತಿತ್ತು.

ಹಾಗಿದ್ದೂ ಈ ಸಂಶೋಧನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ, ಮತ್ತು ಅದಕ್ಕೆ ನಮ್ಮ ಸೀಮೆಗೆ ಸಂಬಂಧಿಸಿದ ಒಂದು ಕಾರಣವಿದೆ. ಪ್ರೋಟೀನಿನ ಕಿಣ್ವ ಬಿಸಿಗೆ ಕೆಡುತ್ತದೆ. ಲೋಹದ ಆಕ್ಸೈಡಿನ ಕ್ರಿಯಾಶಕ್ತಿ ಅಷ್ಟು ಸುಲಭವಾಗಿ ಕೆಡುವುದಿಲ್ಲ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ, ಕರೆಂಟು ಹೋಗಿ ಬರುವ ತಾಲ್ಲೂಕು ಕೇಂದ್ರಗಳಲ್ಲಿ ಔಷಧವೊಂದು ಫ್ರಿಜ್ಜಿನ ಹಂಗಿಲ್ಲದೆ ಕಪಾಟಿನಲ್ಲಿರಬಲ್ಲದಾದರೆ ಅದು ಸಣ್ಣ ಸಂಗತಿಯಲ್ಲ. ಕಣಗಳು ಒಂದಕ್ಕೊಂದು ಅಂಟಿ ಗಂಟುಕಟ್ಟದಂತೆ ನೋಡಿಕೊಳ್ಳುವುದು ಮಾತ್ರ ಬೇರೆಯದೇ ಸಮಸ್ಯೆ. ಮುಂದೊಂದು ದಿನ ಇಂಥ ಔಷಧ ಬರುವುದಾದರೆ ಅದಕ್ಕೆ ತಕ್ಕ ಜಾಗ ದೊಡ್ಡ ಊರಿನಲ್ಲಿ ಆಂಜಿಯೋಗ್ರಾಮ್, ಸ್ಟೆಂಟ್ ಮಾಡುವ ಕ್ಯಾಥ್ ಲ್ಯಾಬ್ ಅಲ್ಲ, ತಾಲ್ಲೂಕು ಆಸ್ಪತ್ರೆಯ ತುರ್ತು ಕೋಣೆಯಲ್ಲಿ ಟೆನೆಕ್ಟೆಪ್ಲೇಸಿನ ಪಕ್ಕ.

ಬಾಟಲಿ ಮತ್ತು ಏಳು ಅಂಕಗಳು

ಈಗ ಶೇ. 34 ಹೇಗೆ 41 ಆಯಿತು ಎಂಬ ಪ್ರಶ್ನೆ. ಹೃದಯಾಘಾತದ ನಂತರ ಚಲಿಸದೆ ನಿಂತ ಸ್ನಾಯುವೆಲ್ಲ ಸತ್ತಿರುವುದಿಲ್ಲ. ಅದರಲ್ಲಿ ಒಂದು ಭಾಗ ಬದುಕಿದ್ದೂ ಮಂಕಾಗಿ ಕೆಲಸ ನಿಲ್ಲಿಸಿರುತ್ತದೆ. ಬ್ರಾನ್‌ವಾಲ್ಡ್ ಮತ್ತು ಕ್ಲೋನರ್ 1982ರಲ್ಲಿ ಈ ಸ್ಥಿತಿಯನ್ನು ಸ್ಪಷ್ಟವಾಗಿ ಗುರುತಿಸಿದರು. ರಕ್ತ ಸರಾಗವಾಗಿ ಸಿಗುತ್ತಿದ್ದರೆ ಈ ಸ್ನಾಯು ದಿನಗಳಿಂದ ವಾರಗಳ ಅವಧಿಯಲ್ಲಿ ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಆಘಾತದ ನಾಲ್ಕನೆಯ ದಿನದ ಎಕೋಗೂ ಆರನೆಯ ವಾರದ ಎಕೋಗೂ ಇಂಥ ವ್ಯತ್ಯಾಸ ಬರುವುದು ಎಷ್ಟು ಸಾಮಾನ್ಯವೆಂದರೆ, ಅಪಾಯಕಾರಿ ಲಯವನ್ನು ವಿದ್ಯುತ್ತಿನಿಂದ ಸರಿಪಡಿಸುವ ಡಿಫಿಬ್ರಿಲೇಟರನ್ನು ದೇಹದೊಳಗೆ ಅಳವಡಿಸಬೇಕೇ ಎಂಬ ನಿರ್ಧಾರವನ್ನು ಕನಿಷ್ಠ 40 ದಿನಗಳವರೆಗೆ ಮುಂದೂಡಬೇಕೆಂಬ ನಿಯಮವೇ ಇದೆ. ಬಾಟಲಿಯನ್ನು ಶುರುಮಾಡಿದ್ದು ಎರಡನೆಯ ವಾರದಲ್ಲಿ. ಆ ಹೊತ್ತಿಗೆ ಏನನ್ನು ಕೊಟ್ಟಿದ್ದರೂ, ಬರೀ ಮಜ್ಜಿಗೆ ಕೊಟ್ಟಿದ್ದರೂ, ಆರನೆಯ ವಾರದಲ್ಲಿ ಅದಕ್ಕೆ ಕೀರ್ತಿ ಬರುವುದು ಬಹುತೇಕ ಖಚಿತವಿತ್ತು. ಇಲಿಗಳ ಅಧ್ಯಯನದಲ್ಲಿ ಔಷಧ ಕೊಡದ ಇಲಿಗಳ ಗುಂಪೊಂದನ್ನು ಇಡುವುದು ಈ ಮೋಸಕ್ಕೆ ಬೀಳದಿರಲಿಕ್ಕಾಗಿಯೇ.

ಬಾಟಲಿಯ ಮೇಲಿನ ಚೀಟಿಯಲ್ಲಿ ನ್ಯಾನೋ ಎಂಬ ಪದ ಮೂರು ಕಡೆ ಇತ್ತು. ಯಾವ ಪದಾರ್ಥ, ಎಷ್ಟು ಪ್ರಮಾಣ, ಎಷ್ಟು ಗಾತ್ರ ಎಂಬುದು ಎಲ್ಲಿಯೂ ಇರಲಿಲ್ಲ. ಔಷಧ ತಯಾರಿಕೆಯ ಪರವಾನಗಿ ಸಂಖ್ಯೆಯೂ ಇರಲಿಲ್ಲ, ಆಹಾರ ಪೂರಕ ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ಭಾರತದಲ್ಲಿ ನ್ಯಾನೋ ಔಷಧಗಳ ಮೌಲ್ಯಮಾಪನಕ್ಕೆ ಜೈವಿಕ ತಂತ್ರಜ್ಞಾನ ಇಲಾಖೆ 2019ರಲ್ಲಿ ಹೊರತಂದ ಮಾರ್ಗಸೂಚಿಗಳಿವೆ; ಕಣದ ಗಾತ್ರ, ಮೇಲ್ಮೈಯ ಆವೇಶ, ದೇಹದಲ್ಲಿ ಅದರ ಹಂಚಿಕೆ, ವಿಷಕಾರಿತ್ವ ಎಲ್ಲವನ್ನೂ ತೋರಿಸಬೇಕಾಗುತ್ತದೆ. ಪರೀಕ್ಷೆಗಳನ್ನು ದಾಟಿ ಬಂದ ನ್ಯಾನೋಕಣಗಳೂ ಅಪಾಯದಿಂದ ಮುಕ್ತವಲ್ಲ: ರಕ್ತಹೀನತೆಗಾಗಿ 2009ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಫೆರುಮೊಕ್ಸಿಟಾಲ್ ಎಂಬ ಕಬ್ಬಿಣದ ಆಕ್ಸೈಡಿನ ಔಷಧಕ್ಕೆ, ಜೀವಕ್ಕೇ ಎರವಾಗುವ ಅಲರ್ಜಿಯ ಕಾರಣ 2015ರಲ್ಲಿ ಕಟುವಾದ ಎಚ್ಚರಿಕೆ ಸೇರಿಸಬೇಕಾಯಿತು. ಬಾಯಿಯಲ್ಲಿ ಹಾಕಿಕೊಳ್ಳುವ ಹನಿಯೊಂದು ಹೊಟ್ಟೆಯ ಆಮ್ಲವನ್ನು ದಾಟಿ, ಕರುಳಿನಿಂದ ರಕ್ತಕ್ಕೆ ಸೇರಿ, ಯಕೃತ್ತಿನಿಂದ ತಪ್ಪಿಸಿಕೊಂಡು ಹೃದಯದ ಮೈಟೊಕಾಂಡ್ರಿಯಾ ತಲುಪುತ್ತದೆ ಎಂದು ನಂಬಲು ಯಾವ ಆಧಾರವೂ ಇಲ್ಲ.

ನಿಜವಾದ ಅಪಾಯ ಬಾಟಲಿಯ ಒಳಗಿದ್ದದ್ದಕ್ಕಿಂತ ಅದರ ಜೊತೆಗೆ ಬಂದ ಸಲಹೆಯಲ್ಲಿತ್ತು. ಇಂಗ್ಲಿಷ್ ಮಾತ್ರೆಗಳನ್ನು ಒಂದೊಂದಾಗಿ ಕಡಿಮೆ ಮಾಡಬಹುದೆಂದು ಮಾರಿದವರು ಹೇಳಿದ್ದರಂತೆ. ವಿಚಾರಿಸಿದಾಗ, ರೋಗಿ ಹೃದಯದ ಬಡಿತವನ್ನು ತಗ್ಗಿಸುವ ಮೆಟೊಪ್ರೊಲಾಲ್ ನಿಲ್ಲಿಸಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೋಗ್ರೆಲನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿರುವುದು ಬೆಳಕಿಗೆ ಬಂತು. ಹೊಸ ಸ್ಟೆಂಟ್ ಇರುವವರಲ್ಲಿ ಮೊದಲ ತಿಂಗಳುಗಳಲ್ಲಿ ಇದು ಸ್ಟೆಂಟಿನೊಳಗೇ ಹೆಪ್ಪುಗಟ್ಟಿ ಮತ್ತೊಂದು ಆಘಾತಕ್ಕೆ, ಹಲವೊಮ್ಮೆ ಸಾವಿಗೆ ದಾರಿ. ಏನೂ ಆಗದೆ ಉಳಿದದ್ದು ಅವರ ಅದೃಷ್ಟ.

ಮಗ ಕೊನೆಯದಾಗಿ ಕೇಳಿದ್ದು, ಹಾಗಾದರೆ ಆಂಟಿಆಕ್ಸಿಡೆಂಟ್ ಎಂಬುದೇ ಬೇಡವೇ ಎಂದು. ಇದಕ್ಕೆ ಉತ್ತರ ಅವರ ತಂದೆಯ ಮಾತ್ರೆಗಳ ಪಟ್ಟಿಯಲ್ಲಿಯೇ ಇತ್ತು. ಆಘಾತದ ನಂತರದ ತಿಂಗಳುಗಳಲ್ಲಿಯೂ ಹೃದಯದಲ್ಲಿ ರಾಡಿಕಲ್‌ಗಳು ಹುಟ್ಟುತ್ತಲೇ ಇರುತ್ತವೆ, ಮತ್ತು ಹೃದಯ ಹಿಗ್ಗಿ ಆಕಾರ ಕೆಡುವುದರಲ್ಲಿ ಅವುಗಳ ಪಾತ್ರವಿದೆ. ಅವುಗಳ ದೊಡ್ಡ ಮೂಲಗಳಲ್ಲಿ ಒಂದು ಆಂಜಿಯೊಟೆನ್ಸಿನ್ ಎಂಬ ಹಾರ್ಮೋನು ಚುರುಕುಗೊಳಿಸುವ ಎನ್‌ಎಡಿಪಿಎಚ್ ಆಕ್ಸಿಡೇಸ್ ಕಿಣ್ವ. ರಾಮಿಪ್ರಿಲ್ ಆ ಹಾರ್ಮೋನಿನ ಉತ್ಪತ್ತಿಯನ್ನೇ ತಗ್ಗಿಸುತ್ತದೆ. ಹುಟ್ಟಿದ ರಾಡಿಕಲ್ಲನ್ನು ಬೆನ್ನಟ್ಟುವುದರ ಬದಲು ಹುಟ್ಟುವ ಜಾಗವನ್ನೇ ಮುಚ್ಚುವ ಈ ಕ್ರಮ ಮನುಷ್ಯರಲ್ಲಿ ಆಯಸ್ಸನ್ನು ಹೆಚ್ಚಿಸಿ ತೋರಿಸಿದೆ. ವಿಟಮಿನ್ ಇ ಸೋತ ಹೋಪ್ ಅಧ್ಯಯನದಲ್ಲಿ ಗೆದ್ದದ್ದು ಇದೇ ರಾಮಿಪ್ರಿಲ್. ಇನ್ನೊಂದು ಮಾತು: ರಾಡಿಕಲ್‌ಗಳನ್ನು ಪೂರ್ತಿ ಅಳಿಸಿಹಾಕುವುದು ನಮ್ಮ ಗುರಿಯಾಗಬಾರದು. ಬಿಳಿ ರಕ್ತಕಣಗಳು ಸೋಂಕನ್ನು ಕೊಲ್ಲುವುದು ಅವುಗಳಿಂದಲೇ, ಹೃದಯ ತನ್ನನ್ನು ತಾನು ಕಾಪಾಡಿಕೊಳ್ಳುವ ಸಂಕೇತಗಳೂ ಅವುಗಳ ಮೂಲಕವೇ ಸಾಗುತ್ತವೆ.

ಮುಂದಿನ ಚಿಕಿತ್ಸೆ

ಹನಿಗಳನ್ನು ಅಂದೇ ನಿಲ್ಲಿಸಲಾಯಿತು. ಅವುಗಳಲ್ಲಿ ಏನಿತ್ತೆಂಬುದು ತಿಳಿಯದ ಕಾರಣ ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ ಮಾಡಿಸಲಾಯಿತು, ಎರಡೂ ಸರಿಯಾಗಿದ್ದವು. ಆಸ್ಪಿರಿನ್ ಮತ್ತು ಕ್ಲೊಪಿಡೋಗ್ರೆಲ್ ಪ್ರತಿದಿನ, ಅಟೋರ್ವಾಸ್ಟಾಟಿನ್, ರಾಮಿಪ್ರಿಲ್, ಮತ್ತೆ ಕಡಿಮೆ ಪ್ರಮಾಣದಿಂದ ಶುರುಮಾಡಿದ ಮೆಟೊಪ್ರೊಲಾಲ್, ಸ್ಪೈರೊನೊಲ್ಯಾಕ್ಟೋನ್ ಇವುಗಳ ಜೊತೆಗೆ ಸಕ್ಕರೆಗೂ ದುರ್ಬಲ ಹೃದಯಕ್ಕೂ ಒದಗುವ ಡಾಪಾಗ್ಲಿಫ್ಲೋಜಿನ್ ಸೇರಿಸಲಾಯಿತು. ಪಂಪಿಂಗ್ ಶೇ. 35ಕ್ಕಿಂತ ಮೇಲಿದ್ದುದರಿಂದ ಡಿಫಿಬ್ರಿಲೇಟರಿನ ಅಗತ್ಯ ಬರಲಿಲ್ಲ. ಬೀಡಿ ಬಿಡುವ ವಿಷಯದಲ್ಲಿ ರೋಗಿ ಮೊದಲು ಅರ್ಧ ಕಟ್ಟಿಗೆ ಇಳಿಸುತ್ತೇನೆ ಎಂದು ಚೌಕಾಸಿ ಮಾಡಿದರು, ಪತ್ನಿ ಒಪ್ಪಲಿಲ್ಲ. ಎದೆನೋವು ಬಂದರೆ ಸೋಡಾ ಹುಡುಕದೆ ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕೆಂದು, ರಾತ್ರಿಯಾದರೆ 108ಕ್ಕೆ ಕರೆ ಮಾಡಬೇಕೆಂದು ಮನೆಯವರಿಗೆಲ್ಲ ತಿಳಿಸಲಾಯಿತು. ಆರನೆಯ ತಿಂಗಳಿನ ಎಕೋದಲ್ಲಿ ಪಂಪಿಂಗ್ ಶೇ. 43ರಷ್ಟಿತ್ತು, ಮುಂಗೋಡೆಯ ತುದಿಭಾಗ ಗಾಯದ ಕಲೆಯಾಗಿ ತೆಳುವಾಗಿ ಉಳಿದಿದೆ, ಅದು ಮತ್ತೆ ಚಲಿಸುವುದಿಲ್ಲ. ರೋಗಿ ಗದ್ದೆಯ ಹಗುರವಾದ ಕೆಲಸಗಳಿಗೆ ಮರಳಿದ್ದಾರೆ, ಔಷಧ ಸಿಂಪಡಿಸುವ ಪಂಪನ್ನು ಬೆನ್ನಿಗೆ ಹಾಕಿಕೊಳ್ಳುವುದನ್ನು ಮಾತ್ರ ಆಳುಗಳಿಗೆ ಬಿಟ್ಟಿದ್ದಾರೆ.